ಕಡಲು ಬಿಟ್ಟವರ ಹಿತ್ತಲು

ಮೈದುನನನ್ನು ಕಡಲು ತೆಗೆದುಕೊಂಡ ವರ್ಷ ನಾನು ಹಿತ್ತಲು ಅಗೆಯತೊಡಗಿದೆ. ಆಸೆಯಿಂದಲ್ಲ, ಸಿಟ್ಟಿನಿಂದ. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿದಾಗ ಅಣ್ಣತಮ್ಮ ಇಬ್ಬರೂ ಅದರಲ್ಲಿದ್ದರು. ಅಣ್ಣ, ಎಂದರೆ ನನ್ನ ಗಂಡ, ಈಜಿ ದಡ ಸೇರಿದರು. ತಮ್ಮ ಹೊನ್ನಾವರದ ಕಡೆಯ ದಂಡೆಯಲ್ಲಿ ಸಿಕ್ಕಿದ. ಇನ್ನೂ ಮದುವೆಯಾಗದ ಹುಡುಗ.

ಕಾರ್ಯಗಳೆಲ್ಲ ಮುಗಿದ ಮೇಲೆ ಗಂಡನಿಗೆ ಹೇಳಿದೆ, "ಇನ್ನು ಕಡಲು ಸಾಕು. ಹಿತ್ತಲಲ್ಲಿ ಎಂತ ಬೆಳಿತದೋ ಅದನ್ನೇ ತಿಂಬ."

"ಆತು" ಎಂದರು.

ನಮ್ಮ ಕಡೆ ಆತು ಎಂದರೆ ಒಪ್ಪಿದೆ ಎಂದೂ ಆಗುತ್ತದೆ, ಮಾತು ಇಲ್ಲಿಗೆ ನಿಲ್ಲಿಸು ಎಂದೂ ಆಗುತ್ತದೆ. ಅವರದು ಯಾವ ಆತು ಎಂದು ನನಗೆ ತಿಳಿಯಲಿಲ್ಲ. ಒಡೆದ ದೋಣಿಯ ಬದಲು ಅದರ ಮಾಲೀಕರು ಹೊಸದು ಕಟ್ಟಿಸುತ್ತಿದ್ದರು. ಮುಂದಿನ ಮಳೆಗಾಲ ಕಳೆದು ಅದು ನೀರಿಗೆ ಇಳಿಯುತ್ತದೆ, ಅಲ್ಲಿಯವರೆಗೆ ಬೇರೆ ದೋಣಿಗೆ ಹೋಗಬೇಡ ಎಂದು ದೋಣಿ ನಡೆಸುವ ತಾಂಡೇಲ ಇವರಿಗೆ ಹೇಳಿಕಳಿಸಿದ್ದ. ಅಷ್ಟರೊಳಗೆ ಇವರ ಕಾಲು ಈ ನೆಲದಲ್ಲಿ ಊರಬೇಕು. ಆ ಒಂದು ವರ್ಷ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ನೆಲವೋ, ಬರೀ ಮರಳು. ಶಿರಾಲಿಯಿಂದ ಕಡಲಿನ ಕಡೆಗೆ ಇರುವ ನಮ್ಮ ಮನೆಯ ಹಿಂದೆ ನಾಲ್ಕು ತೆಂಗಿನ ಮರ ಬಿಟ್ಟರೆ ಬಲೆ ಒಣಗಿಸುವ ಜಾಗ, ಅಷ್ಟೇ. ಹೆಬಳೆಯಲ್ಲಿ ಗದ್ದೆ ಮಾಡುವ ನನ್ನ ಪರಿಚಯದ ಅಕ್ಕನೊಬ್ಬಳು ಹರಿವೆ ಸೊಪ್ಪಿನ ಬೀಜ, ನೆಡಲು ಮಲ್ಲಿಗೆಯ ಗೆಲ್ಲು, ಒಂದು ಹೇಂಟೆ ಕೋಳಿ ಕೊಟ್ಟಳು. ಗದ್ದೆಮಣ್ಣು, ಸಗಣಿಯನ್ನೂ ಅವಳಿಂದಲೇ ಹೊತ್ತು ತಂದೆವು. ಕಂಡವರೆಲ್ಲ ನಕ್ಕರು. ನಗಲಿ, ಅವರಪ್ಪನ ಮನೆ ಗಂಟೇನು ಹೋಯಿತು!

ಹರಿವೆ ಗೇಣುದ್ದ ಎದ್ದಾಗ ನನ್ನ ಗಂಡ ಒಂದು ಘನಕಾರ್ಯ ಮಾಡಿದರು. ತೆಂಗಿನ ಬುಡಕ್ಕೆ ನಾವು ಉಪ್ಪು ಹಾಕುತ್ತೇವೆ, ಹಿರಿಯರ ಕಾಲದಿಂದ. ಒಣಮೀನಿನ ಡಬ್ಬದ ತಳದಲ್ಲಿ ಉಳಿದ ಉಪ್ಪನ್ನೆಲ್ಲ ತಂದು ಇವರು ಹರಿವೆ ಮಡಿಗೆ ಚೆಲ್ಲಿದರು. "ತೆಂಗಿಗೆ ಆತದೆ, ಹರಿವೆಗೆ ಎಂತಕ್ಕೆ ಆಗೂದಿಲ್ಲ?" ಎರಡು ಬಿಸಿಲಿಗೆ ಸಸಿಗಳೆಲ್ಲ ಸುಟ್ಟು ಕರಕಲಾದವು. ನಾನು ಕೂತು ಅತ್ತುಬಿಟ್ಟೆ. ಹೆಬಳೆಯ ಅಕ್ಕ ಬಂದು ನೋಡಿದವಳು, "ಹರಿವೆಗೆ ಉಪ್ಪು ಒಲೆ ಮೇಲೆ ಹಾಕೂದು ಮಾರಾಯ್ತಿ, ಮಡಿಲಿ ಅಲ್ಲ!" ಎಂದು ಬಿದ್ದು ಬಿದ್ದು ನಕ್ಕು, ಮತ್ತೆ ಬೀಜ ಕೊಟ್ಟಳು.

ಕೋಳಿಯ ಕಥೆ ಬೇರೆ. ಹೇಂಟೆ ಮರಿ ಮಾಡಿತು, ಮರಿ ದೊಡ್ಡವಾದವು. ಅವಕ್ಕೆ ನಾವು ಹಾಕಿದ್ದು ಮನೆಯಲ್ಲಿ ಇದ್ದದ್ದನ್ನೇ, ಸಿಗಡಿ ತಲೆ, ಒಣಮೀನಿನ ಪುಡಿ. ಮೊಟ್ಟೆ ಶುರುವಾದಾಗ ದೊಡ್ಡ ಸಂಭ್ರಮದಿಂದ ಶಿರಾಲಿಯ ಅಂಗಡಿಗೆ ಕೊಟ್ಟೆ. ಎರಡೇ ದಿನಕ್ಕೆ ಅಂಗಡಿಯವನು ವಾಪಸು ತಂದ. "ಅಕ್ಕ, ಇದು ಕೋಳಿ ಮೊಟ್ಟೆಯೋ ಬಂಗಡೆ ಮೊಟ್ಟೆಯೋ? ಗಿರಾಕಿ ಬೈತರೆ."

ನಾನೂ ಗಂಡನೂ ಒಂದು ಮೊಟ್ಟೆ ಒಡೆದು ಮೂಸಿದೆವು. ಅತ್ತೆಯ ಮೂಗಿಗೂ ಹಿಡಿದೆವು. ಮೂವರಿಗೂ ಏನೂ ವಾಸನೆ ಬರಲಿಲ್ಲ. ಹುಟ್ಟಿದಂದಿನಿಂದ ಮೀನಿನ ನಡುವೆ ಇದ್ದ ಮೂಗುಗಳು, ಅವಕ್ಕೆ ಹೇಗೆ ಗೊತ್ತಾಗಬೇಕು! ಇನ್ನೊಂದು ಸಲ ಮೂಸಲು ಹೋಗಿ ನನಗೆ ನಗು ತಡೆಯಲಿಲ್ಲ, ಗಂಡನೂ ನಕ್ಕರು. ತಮ್ಮ ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ನಗುತ್ತಾ ಇದ್ದವರು ನಡುವೆ ನಿಲ್ಲಿಸಿ, ತಪ್ಪು ಮಾಡಿದವರಂತೆ ತಾಯಿಯ ಮುಖ ನೋಡಿ, ಎದ್ದು ಹೊರಗೆ ಹೋದರು.

ಅತ್ತೆ ಮಾತು ಬಿಟ್ಟವರಂತೆ ಜಗಲಿಯಲ್ಲೇ ಇರುತ್ತಿದ್ದರು. ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿ, ಕೊಂಕಣಿಯವರ ಹತ್ತಿರ ಕೊಂಕಣಿ, ನವಾಯತ ಮುಸ್ಲಿಮರ ಹತ್ತಿರ ಅವರ ಮಾತು ಆಡಿ ವ್ಯಾಪಾರ ಮಾಡಿದ ಹೆಂಗಸು. ಈಗ ಬೇಸಿಗೆಯಲ್ಲಿ ಮಲ್ಲಿಗೆ ಬಿಟ್ಟಾಗ ಬಾಳೆನಾರು ನೆನೆಸಿಕೊಂಡು ಮೊಗ್ಗು ಕಟ್ಟಲು ಕೂರುತ್ತಿದ್ದರು. ಮೊದಲ ದಿನ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ನನ್ನ ತೋಟಕ್ಕೆ ಒಂದು ಕುಟುಕಿದ್ದು ಬಿಟ್ಟರೆ ಬೇರೆ ಮಾತಿಲ್ಲ. ಗಂಡನೂ ಪಕ್ಕದಲ್ಲಿ ಕೂತು ಕಟ್ಟಲು ನೋಡಿದರು. ಅವರ ಬೆರಳಿಗೆ ಗೊತ್ತಿದ್ದದ್ದು ಬಲೆಯ ಗಂಟು. ಎಳೆದು ಬಿಗಿದದ್ದೇ ತಡ, ಮೊಗ್ಗುಗಳ ಕುತ್ತಿಗೆ ಮುರಿದು ಉದುರಿದವು. ಅತ್ತೆ ಅವರ ಕೈಯಿಂದ ನಾರು ತೆಗೆದುಕೊಂಡರು.

ಮಗನನ್ನು ಕಡಲಿಗೆ ಹೋಗಬೇಡ ಎಂದು ನೀವೂ ಒಂದು ಮಾತು ಹೇಳಿ ಎಂದು ಅತ್ತೆಯನ್ನು ಬೇಡಿಕೊಂಡೆ. "ಕಡಲವರ ಮಕ್ಕಳಿಗೆ ಹಾಂಗೆಲ್ಲ ಹೇಳೂಕಾಗ್ತದಾ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಒಬ್ಬನನ್ನು ಕೊಟ್ಟದ್ದು ಸಾಲದಾ ನಿಮಗೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮಳೆ ಹಿಡಿಯಿತು. ಗಂಡ ಹಳೆಯ ಬಲೆಯಿಂದ ಕೋಳಿಗೂಡಿಗೆ ಹೊದಿಕೆ ಹೆಣೆದರು, ಹಾಗಲದ ಬಳ್ಳಿಗೆ ಚಪ್ಪರ ಹೆಣೆದರು. ಬಲೆಯ ಕೆಲಸ ಇದ್ದ ದಿನ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಗುದ್ದಲಿ ಹಿಡಿದ ದಿನ ನಡುವೆ ನಡುವೆ ನಿಂತು, ಕಡಲಿನ ಕಡೆ ಕಿವಿ ಕೊಡುತ್ತಿದ್ದರು. ಇಂಥ ಗಾಳಿಗೆ ಎಂಥ ಮೀನು ಬರುತ್ತದೆ ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಸೌತೆ, ಬೆಂಡೆ ಎಷ್ಟು ಚೆನ್ನಾಗಿ ಬಂದರೇನು, ಆ ಕಿವಿ ಹಿತ್ತಲಲ್ಲಿ ಇರಲಿಲ್ಲ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವ ಹೊತ್ತಿಗೆ ತಾಂಡೇಲನ ಫೋನು ಬಂತು. ಇವರು ಅಂಗಳದ ತುದಿಗೆ ಹೋಗಿ ಮಾತಾಡಿದರು. ಕೊನೆಗೆ ಹೇಳಿದ್ದು ಮಾತ್ರ ಕೇಳಿಸಿತು, "ಆತು." ಈ ಸಲ ಅದರ ಅರ್ಥ ನನಗೆ ತಿಳಿಯಿತು.

ಮರುದಿನ ಬೆಳಕು ಹರಿಯುವಾಗ ಬುತ್ತಿ ಹಿಡಿದು ಬಾಗಿಲಿಗೆ ಬಂದರು. ಕಡಲಿಗೆ ಹೊರಟವರನ್ನು ನಮ್ಮ ಮನೆಗಳಲ್ಲಿ 'ಎಲ್ಲಿಗೆ' ಎಂದು ಕೇಳುವುದಿಲ್ಲ. ಕೇಳಿದರೆ ಅಪಶಕುನ, ಆ ದಿನ ದೋಣಿ ಹತ್ತುವ ಹಾಗಿಲ್ಲ. ನಾನು ಸೊಸೆಯಾಗಿ ಬಂದ ಹೊಸತರಲ್ಲೇ ಅತ್ತೆ ಕಿವಿ ಹಿಂಡಿ ಕಲಿಸಿದ ಪಾಠ. ಕೇಳಿಬಿಡಲೇ ಎಂದು ಬಾಯಿ ತೆರೆದೆ. ಕೇಳಿದ ಮೇಲೂ ಹೋಗಿ, ಹೆಚ್ಚುಕಡಿಮೆ ಏನಾದರೂ ಆದರೆ? ಬದುಕಿರುವ ತನಕ ನನ್ನ ನಾಲಿಗೆಯನ್ನೇ ನಾನು ಶಪಿಸಬೇಕಾಗುತ್ತಿತ್ತು. ಹೆದರಿದೆ, ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಿಂತೆ. ಅವರು ಮೆಟ್ಟಿಲು ಇಳಿದರು.

"ಎಲ್ಲಿಗೆ ಹೊರಟೆ ಮಗಾ?"

ಜಗಲಿಯಿಂದ, ಅತ್ತೆ. ಮೀನು ಮಾರುವಾಗಿನ ದೊಡ್ಡ ಗಂಟಲು.

ಗಂಡ ನಿಂತಲ್ಲೇ ನಿಂತರು. ತಿರುಗಿದಾಗ ಅವರ ಮುಖ ನೋಡಲಾಗಲಿಲ್ಲ. "ಅಮ್ಮ, ನೀನೇ ಕೇಳೂದಾ?"

"ಹೌದು, ಕೇಳಿದೆ. ಬೇಕಂತ್ಲೇ ಕೇಳಿದೆ." ಅತ್ತೆ ಜಗಲಿಯ ಕಂಬ ಹಿಡಿದು ಎದ್ದರು. "ಅವನನ್ನ ಕೇಳದೇ ಕಳಿಸಿದ್ದೆ. ಎಂತ ಆತು?"

ಗಂಡ ಮೆಟ್ಟಿಲ ಮೇಲೆ ಕುಸಿದರು. ತಮ್ಮನಿಗೆ ಬೆಂಕಿ ಇಟ್ಟ ದಿನವೂ ಅಳದವರು ಅಂದು ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು. ತಾಂಡೇಲನ ಫೋನು ಎಷ್ಟೋ ಹೊತ್ತು ಹೊಡೆದುಕೊಂಡಿತು. ಯಾರೂ ಎತ್ತಲಿಲ್ಲ.

ಅತ್ತೆ ಅಲ್ಲಿಗೇ ಬಿಡಲಿಲ್ಲ. ಮರುದಿನವೂ ಮಗನಿಗಿಂತ ಮೊದಲು ಎದ್ದು ಬಾಗಿಲಲ್ಲಿ ಕೂತು ಅದೇ ಮಾತು ಕೇಳಿದರು, ಅದರ ಮರುದಿನವೂ. ಇವರು ಉತ್ತರ ಕೊಡದೆ ಒಳಗೆ ಬಂದು ಮಲಗುತ್ತಿದ್ದರು. ದೋಣಿಗೆ ಬೇರೆಯವರು ಸಿಕ್ಕಿದರು ಎಂದು ಸುದ್ದಿ ಬಂತು. ಆಗಲೂ ಅತ್ತೆ ಕೇಳುವುದನ್ನು ನಿಲ್ಲಿಸಲಿಲ್ಲ. ನವರಾತ್ರಿಯ ಹೊತ್ತಿಗೆ ಒಂದು ಬೆಳಿಗ್ಗೆ ಇವರು ಗುದ್ದಲಿ ಹೆಗಲಿಗೇರಿಸಿ, ತಾಯಿ ಬಾಯಿ ತೆರೆಯುವ ಮೊದಲೇ ಹೇಳಿದರು, "ಹಿತ್ತಲಿಗೆ, ಅಮ್ಮ."