ಏನೂ ಬೆಳೆಯದ ತಟ್ಟೆ

ನಾಗಪುರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ಗುರುತಿಸುವುದು ನನ್ನ ಕೆಲಸ. ಒಮ್ಮೆ ನಿವೃತ್ತ ಶಿಕ್ಷಕಿಯೊಬ್ಬರ ಮೊಣಕಾಲಿನಿಂದ ತೆಗೆದ ನೀರು ಪರೀಕ್ಷೆಗೆ ಬಂತು. ಕೃತಕ ಕೀಲು ಹಾಕಿಸಿಕೊಂಡು ಎರಡು ವರ್ಷವಾಗಿತ್ತು, ಈಗ ಊದಿಕೊಂಡಿತ್ತು. ನೀರು ಕಲಗಚ್ಚಿನಂತೆ ಕದಡಿತ್ತು, ಕೀವಿನ ಕಣಗಳೂ ತುಂಬಿದ್ದವು. ಆದರೂ ಐದು ದಿನ ಕಾದ ಮೇಲೂ ರೋಗಾಣು ಬೆಳೆಸುವ ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ.

ಮೂಳೆ ಡಾಕ್ಟರು ಫೋನ್ ಮಾಡಿ, ಸ್ಯಾಂಪಲ್ ಸರಿಯಾಗಿ ಹಾಕಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದರು. ಆ ದನಿಯಲ್ಲಿ ನಂಬಿಕೆಯಿರಲಿಲ್ಲ. ನನಗೂ ನನ್ನ ಕೈಯ ಮೇಲೆ ಅನುಮಾನ ಹುಟ್ಟಿತು. ಅದೇ ದಿನದ ಬೇರೆ ತಟ್ಟೆಗಳನ್ನು ತೆಗೆದು ನೋಡಿದೆ. ಅವುಗಳಲ್ಲಿ ರೋಗಾಣುಗಳು ಸೊಂಪಾಗಿ ಬೆಳೆದಿದ್ದವು. ಹಾಗಾದರೆ ರೋಗಾಣು ತಡೆಯುವ ಯಾವುದೋ ಔಷಧಿ ನುಂಗುತ್ತಿರುವುದನ್ನು ಆ ಶಿಕ್ಷಕಿಯೇ ಮುಚ್ಚಿಡುತ್ತಿದ್ದಾರೆ ಅನ್ನಿಸಿತು.

ಮರುದಿನ ರಕ್ತಪರೀಕ್ಷೆಗೆಂದು ಬಂದ ಆ ಶಿಕ್ಷಕಿ ಗಂಡನೊಡನೆ ಧಾರವಾಡದ ಕನ್ನಡದಲ್ಲಿ ಮಾತಾಡುತ್ತಿದ್ದರು. ಹತ್ತಿರ ಹೋಗಿ, ನಮ್ಮ ಕಡೆಯಂತೆ ಚಿಕ್ಕಮ್ಮನೆಂದು ಕರೆದು ಕೇಳಿದೆ:

"ಮಾವಶಿ, ಮೊಣಕಾಲಿಗೆ ಯಾವುದಾರ ಗುಳಗಿ ನಡದಾವೇನ್ರಿ?"

ಅವರು ನನ್ನ ಬಿಳಿ ಕೋಟನ್ನು ದಿಟ್ಟಿಸಿದರು. "ಡಾಕ್ಟರು ಕಳಿಸ್ಯಾರೇನು? ಅವರಿಗೆ ಇನ್ನೊಂದು ಆಪರೇಷನ್ ಮಾಡೋದೈತಿ, ನಮಗ ಗೊತ್ತೈತಿ. ಬಿಪಿದೊಂದು ಬಿಟ್ರ ಏನಿಲ್ಲ."

ನಾನು ನಂಬಲಿಲ್ಲ. ಅಷ್ಟರಲ್ಲಿ ಗಂಡ ಚೀಲದಿಂದ ಕ್ಯಾಪ್ಸೂಲ್ ತೆಗೆದು, "ಹೊತ್ತಾತು, ಜಲ್ದಿ ನುಂಗು" ಎಂದರು. ನೋಡಿದರೆ ಆಂಟಿಬಯಾಟಿಕ್!

"ಮತ್ತ ಇದೇನ್ರಿ?"

"ಇದು ಹಲ್ಲು ನೋವಿಂದವ್ವಾ. ಹದಿನೈದು ದಿನಾತು, ಇತವಾರಿ ಪ್ಯಾಟ್ಯಾಗಿನ ಔಷಧ ಅಂಗಡಿಯಿಂದ ಇವರು ತರ್ತಾರ. ಎಲ್ಲಾರೂ ಕೇಳಿದ್ದು ಮೊಣಕಾಲಿಂದು."

ಸುಳ್ಳು ಹೇಳಿರಲಿಲ್ಲ ಆಕೆ, ಕೇಳಿದ್ದಕ್ಕಷ್ಟೇ ಉತ್ತರಿಸಿದ್ದರು. ಆ ಔಷಧಿ ರೋಗಾಣುಗಳನ್ನು ಕೊಂದಿರಲಿಲ್ಲ, ಮಂಕಾಗಿಸಿತ್ತು. ಕೃತಕ ಕೀಲಿನ ಲೋಹಕ್ಕೆ ಅಂಟಿಕೊಂಡು ಅವು ಒಳಗೇ ಇದ್ದವು, ತಟ್ಟೆಗೆ ಬಂದರೂ ತಲೆ ಎತ್ತುತ್ತಿರಲಿಲ್ಲ. ನಾನು ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಕ್ಯಾಪ್ಸೂಲ್ ನಿಲ್ಲಿಸಿ, ಹಲ್ಲಿನ ವೈದ್ಯರ ಬಳಿ ಕಳಿಸಿ, ಎರಡು ವಾರ ಬಿಟ್ಟು ಮತ್ತೆ ನೀರು ತೆಗೆಯೋಣ ಎಂದರು.

"ಅಷ್ಟರಾಗ ಜ್ವರ ಬಂದ್ರ?" ಎಂದು ಮಾವಶಿ ನನ್ನನ್ನೇ ಕೇಳಿದರು.

"ಆ ಕ್ಷಣಾನ ಬಂದುಬಿಡ್ರಿ" ಎಂದೆ. ಆ ಎರಡು ವಾರ ದಿನಾ ಬೆಳಿಗ್ಗೆ ಆಸ್ಪತ್ರೆಗೆ ದಾಖಲಾದವರ ಪಟ್ಟಿಯಲ್ಲಿ ಅವರ ಹೆಸರು ಹುಡುಕುತ್ತಿದ್ದೆ.

ಎರಡನೆಯ ಸಲ ಒಂದರ ಬದಲು ಐದು ಸ್ಯಾಂಪಲ್ ಬೇರೆ ಬೇರೆಯಾಗಿ ಹಾಕಿ, ತಟ್ಟೆಗಳನ್ನು ಐದು ದಿನಕ್ಕೇ ಎಸೆಯದೆ ಕಾದೆ. ಒಂಬತ್ತನೆಯ ದಿನ ಸಾಸಿವೆಗಿಂತ ಚಿಕ್ಕ ಚುಕ್ಕೆಗಳು ಕಂಡವು. ನನ್ನ ಕೈಯಿಂದಲೇ ಬಿದ್ದ ಕೊಳೆಯಿರಬಹುದೇ? ಕೊಳೆಯಾಗಿದ್ದರೆ ಒಂದರಲ್ಲಷ್ಟೇ ಇರುತ್ತಿತ್ತು; ಐದರಲ್ಲಿ ನಾಲ್ಕರಲ್ಲಿ ಅದೇ ರೋಗಾಣು ಸಿಕ್ಕ ಮೇಲೆಯೇ ರಿಪೋರ್ಟಿಗೆ ಸಹಿ ಹಾಕಿದೆ.

ಹಳೆಯ ಕೀಲು ತೆಗೆದು, ಆ ರೋಗಾಣುವಿಗೆ ತಕ್ಕ ಔಷಧಿ ಕೊಟ್ಟು, ಕೆಲವು ತಿಂಗಳ ನಂತರ ಹೊಸದನ್ನು ಹಾಕಿದರು. ಆಮೇಲೊಂದು ಮಧ್ಯಾಹ್ನ ಮಾವಶಿ ಕೋಲೂರಿಕೊಂಡು, ಲಿಫ್ಟ್ ಬೇಡವೆಂದು, ಮೆಟ್ಟಿಲು ಹತ್ತಿ ನಮ್ಮ ಲ್ಯಾಬಿನ ಬಾಗಿಲಿಗೆ ಬಂದು ನಿಂತರು.