ನೂರ ಮೂವತ್ತೇಳು ಕಿಲೋ ಅನುಮಾನ

ಸೇನೆಗೆಂದು ಒಂಬತ್ತು ವರ್ಷ ಹೆಣಗಿ ಕಟ್ಟಿದ ಆ ದೈತ್ಯ ಹೆಲಿಕಾಪ್ಟರನ್ನು ಮೊದಲ ಸಲ ದೊಡ್ಡವರೆಲ್ಲರ ಎದುರು ತೂಗಿದಾಗ, ಅದು ಇರಬೇಕಾದ್ದಕ್ಕಿಂತ ಎಪ್ಪತ್ತನಾಲ್ಕು ಕಿಲೋ ಹೆಚ್ಚು ತೂಗಿತು. ಸೇನೆಯವರು ಮುಖ ಗಂಟಿಕ್ಕಿದರು. ಇಂಜಿನಿಯರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಚ್ಚಳಗಳನ್ನೆಲ್ಲ ಬಿಚ್ಚಿ, ಟಾರ್ಚ್ ಬಿಟ್ಟು ಅರ್ಧ ಗಂಟೆ ಹುಡುಕಿದ ಮೇಲೆ ಆ ಎಪ್ಪತ್ತನಾಲ್ಕು ಕಿಲೋ ಬಾಲದ ಕಡೆಯ ಬಟ್ಟೆ ಬೆಂಚಿನ ಮೇಲೆ, ಎದೆ ಮೇಲೆ ಸಾಮಾನಿನ ಪಟ್ಟಿ ಇಟ್ಟುಕೊಂಡು, ಬಾಯಿ ತೆರೆದು ನಿದ್ದೆ ಮಾಡುತ್ತಿರುವುದು ಕಂಡಿತು. ತೂಕ ಮಾಡಬೇಕಾದವನೇ ತೂಕಡಿಸುತ್ತಿದ್ದ. ಅವನು ಇಳಿದ, ತೂಕವೂ ಇಳಿಯಿತು. ಅಲ್ಲಿಯವರೆಗೆ ಕಾರ್ಖಾನೆಯಲ್ಲಿ ತಕ್ಕಡಿಯಣ್ಣ ಎನಿಸಿಕೊಂಡಿದ್ದವನು ಅಂದಿನಿಂದ ತೂಕಡಿಯಣ್ಣನಾದ.

ಐವತ್ತಾರು ವರ್ಷದ ಮನುಷ್ಯನಿಗೆ ಇದು ಸಣ್ಣ ಅವಮಾನವಲ್ಲ. ಏಕೆಂದರೆ ನಂಬದೆ ಇರುವುದೇ ಅವನ ಕಸುಬು. ಹರೆಯದಲ್ಲಿ ರೈಲು ನಿಲ್ದಾಣದ ಪಾರ್ಸೆಲ್ ಕೋಣೆಯಲ್ಲಿ ಆರು ವರ್ಷ ಪೆಟ್ಟಿಗೆ ತೂಗಿದ್ದ. ತನ್ನ ಪೆಟ್ಟಿಗೆ ಹಗುರ ಎನ್ನದವನು ಒಬ್ಬನೂ ಆ ಕಿಟಕಿಗೆ ಬರಲಿಲ್ಲ. ನಿಜವಾದ ಭಾರ ತಿಳಿಯುತ್ತಿದ್ದುದು ತಕ್ಕಡಿಯ ಮುಳ್ಳನ್ನು ನೋಡಿದ ಮೇಲೆಯೇ. ಮನುಷ್ಯರ ಮಾತನ್ನು ಕೇಳಬೇಕು, ಮುಳ್ಳನ್ನು ನಂಬಬೇಕು ಎಂಬ ಪಾಠ ಅಲ್ಲಿಯೇ ಬಾಯಿಪಾಠವಾಯಿತು. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬಂದರೆ ತೂಗುತ್ತಿದ್ದ, ಸೋಪಿನ ಪೊಟ್ಟಣ ಬಂದರೆ ತೂಗುತ್ತಿದ್ದ. "ಈ ಮನೇಲಿ ತೂಕ ಇಲ್ಲದ್ದು ನನ್ನ ಮಾತಿಗೆ ಮಾತ್ರ" ಎಂದು ಹೆಂಡತಿ ಹೇಳುತ್ತಿದ್ದಳು. ಅದನ್ನೂ ಅವನು ಪೂರ್ತಿ ನಂಬಿರಲಿಲ್ಲ.

ನಾಲ್ಕು ತಿಂಗಳ ನಂತರ ಮತ್ತೆ ತೂಗುವ ಕೆಲಸ ಬಂತು. ಈ ಸಲ ಹುಡುಗಾಟವಲ್ಲ. ಮೂರು ಇಂಜಿನ್ನು, ಒಂದೊಂದೂ ಬಸ್ಸಿನಷ್ಟು ಉದ್ದದ ಏಳು ರೆಕ್ಕೆ, ಹೊಟ್ಟೆಯ ಕೆಳಗೆ ಮೂರು ಕೊಕ್ಕೆ ಇರುವ ಈ ಯಂತ್ರ, ಮುಂದಿನ ವಾರ ಎತ್ತರದ ಬೆಟ್ಟದ ಬಯಲಿನಲ್ಲಿ ಹದಿನಾರು ಟನ್ ಎತ್ತಿ ತೋರಿಸಬೇಕಿತ್ತು. ಅಲ್ಲಿ ಗಾಳಿ ತೆಳು, ಬಿಸಿಲು ದಪ್ಪ. ತೆಳು ಗಾಳಿಯಲ್ಲಿ ರೆಕ್ಕೆಗೆ ಹಿಡಿತ ಸಿಗದು, ಬಿಸಿಲಿಗೆ ಇಂಜಿನ್ನು ಏದುಸಿರು ಬಿಡುತ್ತದೆ. ಕೆಳಗೆ ಹುಲಿಯಾದದ್ದು ಮೇಲೆ ಇಲಿಯಾಗುತ್ತದೆ. ಒಂದೊಂದು ಕಿಲೋ ಕೂಡ ಅಲ್ಲಿ ಪೈಲಟ್ಟಿನ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಆ ಪೈಲಟ್ಟಿನ ಹಿಂದೆ, ನೆಲದ ಕಂಡಿಯ ಪಕ್ಕದಲ್ಲಿ ಬೋರಲು ಮಲಗಿ, ಕೊಕ್ಕೆಯನ್ನೇ ನೋಡುತ್ತ "ಎಡಕ್ಕೆ, ಇನ್ನೊಂದು ಚೂರು, ಇಳಿಸಿ" ಎಂದು ಹೇಳುವವಳು ತಕ್ಕಡಿಯಣ್ಣನ ಒಬ್ಬಳೇ ಮಗಳು. ಕೊಕ್ಕೆ ಮಗಳ ಕಸುಬು, ಕೊಕ್ಕೆ ಹಾಕುವುದು ಅಪ್ಪನ ಕಸುಬು ಎಂದು ಕಾರ್ಖಾನೆಯವರು ನಗುತ್ತಿದ್ದರು.

ಮಂಗಳವಾರ ಶೆಡ್ಡಿನ ಬಾಗಿಲು ಹಾಕಿಸಿದ. ಫ್ಯಾನುಗಳನ್ನು ಆರಿಸಿದ, ಬೀಸುವ ಗಾಳಿಯೂ ರೆಕ್ಕೆ ಎತ್ತಿ ಸುಳ್ಳು ಹೇಳಿಸಬಲ್ಲದು. ತೂಕ ತೋರಿಸುವ ಮೂರು ಜಾಕುಗಳ ಮೇಲೆ ಯಂತ್ರವನ್ನು ಕೂರಿಸಿದ. ಒಳಗೆ ಯಾರೂ ಇಲ್ಲವೆಂದು ತಾನೇ ಎರಡು ಸಲ ನೋಡಿ ಬಂದ. ಕಾಗದದಲ್ಲಿದ್ದದ್ದು ಹದಿನೈದು ಸಾವಿರದ ಇನ್ನೂರ ಹತ್ತು ಕಿಲೋ. ಮುಳ್ಳು ಹೇಳಿದ್ದು ಹದಿನೈದು ಸಾವಿರದ ಮುನ್ನೂರ ನಲವತ್ತೇಳು. ಇಳಿಸಿ ಮತ್ತೆ ತೂಗಿದ, ಅಷ್ಟೇ. ಮೂರನೆಯ ಸಲವೂ ಅಷ್ಟೇ.

"ನೂರ ಮೂವತ್ತೇಳಾ?" ಎಂದರು ಮುಖ್ಯ ಇಂಜಿನಿಯರ್ ಮೇಡಂ. "ಹಾಗಾದ್ರೆ ಈ ಸಲ ಒಳಗೆ ಇಬ್ಬರು ಮಲಗಿರಬೇಕು ಕಣ್ರೀ."

ಸುತ್ತಲಿದ್ದವರು ಗೊಳ್ಳೆಂದರು. ತಕ್ಕಡಿಯಣ್ಣ ನಗಲಿಲ್ಲ.

"ನಾನು ಹೊರಗೇ ಇದ್ದೀನಲ್ಲ ಮೇಡಂ."

"ನಾಲ್ಕು ತಿಂಗಳಲ್ಲಿ ನಾವು ಹೊಸದೇನೂ ಜೋಡಿಸಿಲ್ಲ. ನಿಮ್ಮ ಮಾಪಕಾನೇ ಕೆಟ್ಟಿದೆ. ಕಾಗದದಲ್ಲಿರೋ ತೂಕಕ್ಕೇ ಸಹಿ ಹಾಕಿ."

"ಅದು ಕಾಗದದ ತೂಕ. ಹಾರೋದು ಕಾಗದ ಅಲ್ಲವಲ್ಲ."

"ಶುಕ್ರವಾರ ಸಂಜೆ ತನಕ ಟೈಮ್ ಕೊಡ್ತೀನಿ. ಆಮೇಲೆ ನೀವು ಹಾಕದಿದ್ರೆ ಬೇರೆಯವರು ಹಾಕ್ತಾರೆ."

ಬೇರೆಯವರು ಹಾಕುತ್ತಾರೆ. ಆ ಬೇರೆಯವರ ಸಹಿಯನ್ನು ನಂಬಿ ಮಗಳು ತೆಳು ಗಾಳಿಯಲ್ಲಿ ಹದಿನಾರು ಟನ್ನಿನ ಮೇಲೆ ಬೋರಲು ಮಲಗುತ್ತಾಳೆ. ತಕ್ಕಡಿಯಣ್ಣನಿಗೆ ಊಟ ರುಚಿಸಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಯಾರು ಹೆಗಲು ಮುಟ್ಟಿಕೊಳ್ಳುತ್ತಾರೋ ಎಂದು ಕಾರ್ಖಾನೆಯ ಹೆಗಲುಗಳನ್ನೆಲ್ಲ ನೋಡುತ್ತ ನಡೆದ.

ಮೊದಲು ವೈರಿನವರು. ಅವರು ತಂತಿ ಎಳೆಯುತ್ತಾರೆ, ಮಾತನ್ನೂ ಎಳೆಯುತ್ತಾರೆ. ಹಳೆಯ ತಂತಿ ತೆಗೆಯದೆ ಅದರ ಪಕ್ಕದಲ್ಲೇ ಹೊಸದು ಹಾಕಿರಬಹುದು. ಪಟ್ಟಿ ಹಿಡಿದು ಒಂದೊಂದು ಕಟ್ಟನ್ನೂ ಎಣಿಸಿದ.

"ಏನಣ್ಣ, ನಮ್ಮನ್ನ ಕಳ್ಳರು ಅಂದ್ಕೊಂಡ್ಯಾ?" ವೈರಿನ ಮೇಸ್ತ್ರಿ ಕೆರಳಿದ.

"ಕಳ್ಳರಾದ್ರೆ ತಗೊಂಡು ಹೋಗ್ತಾರೆ ಮಾರಾಯ. ಇದು ಯಾರೋ ತಂದು ಇಟ್ಟು ಹೋಗಿರೋದು. ಅಂಥವರನ್ನ ನಂಬಬಾರದು."

ಅಲ್ಲಿ ಸಿಕ್ಕಿದ್ದು ಏನೂ ಇಲ್ಲ. ಸೀಟಿನವರ ಹತ್ತಿರ ಒಂದು ಮರೆತ ಸುತ್ತಿಗೆ ಸಿಕ್ಕಿತು, ಮುಕ್ಕಾಲು ಕಿಲೋ. ಎಣ್ಣೆ ಪೈಪಿನವರು ಅವನು ಬರುವುದನ್ನು ಕಂಡು ಒಟ್ಟಿಗೇ ಚಹಾಕ್ಕೆ ಎದ್ದು ಹೋದರು. ಅದರ ಮೇಲೂ ಅನುಮಾನ ಬಂತು. ಆದರೆ ಅವರು ನಿಜವಾಗಿಯೂ ಚಹಾ ಕುಡಿಯುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ನಡುಗೊಕ್ಕೆಯ ಪಕ್ಕದಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದಾಗ, ಸರಪಳಿ ತಗುಲಿ ಬಣ್ಣದ ಒಂದು ಚಕ್ಕೆ ಎದ್ದಿದ್ದು ಕಂಡಿತು. ಉಗುರಿನಿಂದ ಎಬ್ಬಿಸಿದ. ಮೇಲೆ ಮಾಸಲು ಹಸಿರು. ಅದರ ಕೆಳಗೆ ಎಲೆ ಹಸಿರು. ಅದರ ಕೆಳಗೆ ಬೂದು. ಈರುಳ್ಳಿ ಬಿಡಿಸಿದ ಹಾಗೆ, ಸಿಪ್ಪೆಯ ಕೆಳಗೆ ಸಿಪ್ಪೆ.

ಚಕ್ಕೆ ಹಿಡಿದುಕೊಂಡು ಬಣ್ಣದ ಮೇಸ್ತ್ರಿಯ ಬಳಿ ನಡೆದ. ಬಳಿದ ಅಷ್ಟೂ ಹಸಿರು ತನ್ನ ಮುಖದಿಂದಲೇ ಇಳಿದ ಹಾಗೆ ಮೇಸ್ತ್ರಿ ಬಿಳಿಚಿಕೊಂಡ.

"ಸೇನೆಯ ಮೊದಲನೇ ಸಾಹೇಬರು ಬೂದು ಇರಲಿ ಅಂದ್ರು. ಮೊದಲ ಸಲ ತೂಗಿದ ಮೇಲೆ ಅವರಿಗೆ ವರ್ಗ ಆಯ್ತು. ಎರಡನೆಯವರು ಎಲೆ ಹಸಿರು ಅಂದ್ರು. ಮೂರನೆಯವರಿಗೆ ಆ ಹಸಿರು ಕಣ್ಣಿಗೆ ಚುಚ್ಚುತ್ತಂತೆ."

"ಹಳೇದನ್ನ ಕೆರೆದು ತೆಗೀಲಿಲ್ವೇನೋ?"

"ಕೆರೆಯೋಕೆ ಎಂಟು ದಿನ ಬೇಕಣ್ಣ, ಬಳಿಯೋಕೆ ಎರಡು. ಅವರಿಗೆ ಅರ್ಜೆಂಟು. ಅದೂ ಅಲ್ದೆ, ಬಣ್ಣಕ್ಕೆ ಎಲ್ಲಿಯ ತೂಕ? ಒಣಗಿದ ಮೇಲೆ ಗಾಳಿಗೆ ಹೋಗಿರುತ್ತಲ್ಲ!"

ತಕ್ಕಡಿಯಣ್ಣ ಚಾಕು ತೆಗೆದ. ಒಂದು ಗೇಣು ಚೌಕ ಬಣ್ಣವನ್ನು ನಾಜೂಕಾಗಿ ಕೆರೆದು, ಪ್ರಯೋಗಾಲಯದ ಪುಟ್ಟ ತಕ್ಕಡಿಯಲ್ಲಿ ಹಾಕಿದ. ಹೆಚ್ಚಿಗೆ ಬಳಿದ ಎರಡು ಪದರಕ್ಕೆ ಇಡೀ ಮೈಯ ಲೆಕ್ಕ ಹಾಕಿದ. ನೂರ ಮೂವತ್ತನಾಲ್ಕು ಕಿಲೋ ಬಂತು. ಸುತ್ತಿಗೆ ಮುಕ್ಕಾಲು. ಉಳಿದ ಎರಡೂಕಾಲು ಕಿಲೋ ಮೇಲೆ ಇವತ್ತಿಗೂ ಅವನದೊಂದು ಕಣ್ಣಿದೆ.

ಮೇಡಂ ಚಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಅಂತೂ ಬಣ್ಣ ಬಯಲಾಯ್ತು," ಎಂದ ತಕ್ಕಡಿಯಣ್ಣ. ಇಂಥ ಅವಕಾಶ ಯಾರೂ ಬಿಡುವಂಥದ್ದಲ್ಲ.

"ಹಾರಾಟ ಹತ್ತು ದಿನ ಮುಂದಕ್ಕೆ ಹೋಗುತ್ತೆ. ಮೂರನೇ ಸಾಹೇಬರು ನನ್ನ ತಲೆ ತೆಗೀತಾರೆ," ಎಂದರು ಮೇಡಂ.

"ಅದರ ತೂಕ ಎಷ್ಟಾಗುತ್ತೆ ಅಂತ ಬೇಕಾದ್ರೆ ಹೇಳ್ತೀನಿ ಮೇಡಂ."

ಈ ಸಲ ಮೇಡಂ ನಕ್ಕರು. ಎಂಟು ದಿನ ಕೆರೆದರು, ಎರಡು ದಿನ ಬಳಿದರು. ಮುಳ್ಳು ಕಾಗದದ ಹತ್ತಿರಕ್ಕೆ ಬಂತು. ಅವನು ಸಹಿ ಹಾಕಿದ. ಹಾಕುವ ಮೊದಲು ಒಂದು ಸಲ ಪೆನ್ನನ್ನೂ ಅನುಮಾನದಿಂದ ನೋಡಿದ.

ಬೆಟ್ಟದ ಬಯಲಿನಲ್ಲಿ ಮಧ್ಯಾಹ್ನದ ಉರಿಯಲ್ಲಿ ಏಳು ರೆಕ್ಕೆ ತಿರುಗಿತು. ಧೂಳು ಎದ್ದು ಸೂರ್ಯನೇ ಕಾಣಲಿಲ್ಲ. ಮೂರು ಕೊಕ್ಕೆಗೂ ಸರಪಳಿ ಹಾಕಿ ಕಟ್ಟಿದ್ದು ಹಿಂದಿನ ವರ್ಷ ಅಲ್ಲೇ ಕೆಟ್ಟು ಕೂತಿದ್ದ ಇನ್ನೊಂದು ಹೆಲಿಕಾಪ್ಟರ್. ಹದ್ದು ಮೊಲವನ್ನು ಎತ್ತಿದ್ದನ್ನು ಎಲ್ಲರೂ ನೋಡಿರುತ್ತಾರೆ, ಇದು ಹದ್ದನ್ನೇ ಎತ್ತಿದ ಹದ್ದು. ಒಂದಾಳೆತ್ತರ ಎದ್ದು ನಿಂತಲ್ಲೇ ಅದುರಿತು. ಮೂರು ಇಂಜಿನ್ನಿನ ಮುಳ್ಳೂ ಕೆಂಪು ಗೆರೆಯ ಅಂಚು ಮುಟ್ಟಿದವು, ದಾಟಲಿಲ್ಲ. ಹನ್ನೆರಡು ನಿಮಿಷ ಹಾರಿ, ಆಚೆಯ ಬಯಲಿನಲ್ಲಿ ಮೊಟ್ಟೆ ಇಟ್ಟ ಹಾಗೆ ಇಳಿಸಿತು.

ಭಾನುವಾರ ಮಗಳು ಮನೆಗೆ ಬಂದಳು. ಅಪ್ಪನ ಎದುರು ತಟ್ಟೆ ಎಳೆದುಕೊಂಡು ಕೂತಳು.

"ಅಪ್ಪಾ, ಇಳಿದ ಮೇಲೆ ಪೈಲಟ್ ಲೆಕ್ಕ ಹಾಕಿದ್ರು. ಇನ್ನು ನೂರು ಕಿಲೋ ಎತ್ತೋ ಅಷ್ಟು ಶಕ್ತಿ ಮಾತ್ರ ಉಳಿದಿತ್ತಂತೆ. ಆ ಬಣ್ಣ ಇದ್ದಿದ್ರೆ..."

ಅಡುಗೆಮನೆಯಲ್ಲಿ ಅವಳ ಅಮ್ಮನ ಕೈಯ ಸೌಟು ನಿಂತಿತು. ತಕ್ಕಡಿಯಣ್ಣ ಊಟ ಮಾಡುತ್ತಲೇ ಇದ್ದ.

"ನಿಜ ಹೇಳು. ಒಳಗೆ ನಾನಿರ್ತೀನಿ ಅಂತ ತಾನೇ ನೀನು ಅಷ್ಟು ಹಟ ಹಿಡಿದಿದ್ದು?"

"ಹೂಂ. ಒಳಗೆ ನೀನಿರ್ತೀಯ ಅಂತಲೇ."

ಮಗಳ ಕಣ್ಣು ತುಂಬಿತು.

"ಎಲ್ಲರಿಗಿಂತ ಮೊದಲು ನನಗೆ ಅನುಮಾನ ಬಂದಿದ್ದೇ ನಿನ್ನ ಮೇಲೆ," ಎಂದ ಅವನು. "ಚಿಕ್ಕವಳಿದ್ದಾಗಿಂದ ಎಲ್ಲಿಗೆ ಹೊರಟ್ರೂ ಬೇಡದ್ದನ್ನೆಲ್ಲ ಹೊತ್ಕೊಂಡು ಹೋಗೋಳು ನೀನು. ಮಂಗಳವಾರನೇ ಹೆಲಿಕಾಪ್ಟರ್ ಒಳಗಿರೋ ನಿನ್ನ ಸಾಮಾನಿನ ಪೆಟ್ಟಿಗೆ ಬೀಗ ತೆಗೆಸಿ ಜಾಲಾಡಿಬಿಟ್ಟೆ."