ಹೊಲಕ್ಕೂ ಬೆಣ್ಣೆ ಬೇಕೆನ್ನುವ ಟ್ರೋಲ್ಸ್

ಡೆನ್ಮಾರ್ಕಿನ ಜಟ್‌ಲ್ಯಾಂಡಿನ ರೈತ ಟ್ರೋಲ್ಸ್‌ನನ್ನು ಊಟಕ್ಕೆ ಕರೆದವರು ಬೆಣ್ಣೆ ಹೆಚ್ಚಿಗೆ ತಂದಿಟ್ಟಿರಬೇಕು. ಕಚ್ಚಿದರೆ ಹಲ್ಲಿನಚ್ಚು ಮೂಡುವಷ್ಟು ದಪ್ಪಗೆ ಬ್ರೆಡ್ಡಿಗೆ ಮೆತ್ತಿಕೊಂಡು ಪಾಠ ಶುರುಮಾಡುತ್ತಾನೆ: "ಹೊಲಕ್ಕೂ ಹಿಂಗೇ ಕಣಯ್ಯ. ಒಣಹುಲ್ಲು ಬ್ರೆಡ್ಡು, ಸಾರಜನಕ ಬೆಣ್ಣೆ. ಮಣ್ಣಲ್ಲಿ ಇಂಗಾಲ ಕೂಡಿಡ್ತೀನಿ ಅಂತ ಬರೀ ಹುಲ್ಲು ತುಂಬಿದ್ರೆ, ಮಣ್ಣು ಪೈರಿನ ಪಾಲಿನ ಬೆಣ್ಣೆನೂ ಕಿತ್ಕೊಂಡು ತಿನ್ನುತ್ತೆ." ಅದಕ್ಕೇ ಅವನ ಹೊಲದ ತುಂಬ ಗಾಳಿಯಿಂದ ಸಾರಜನಕ ಹಿಡಿದು ಮಣ್ಣಿಗೆ ಉಣಿಸುವ ಕ್ಲೋವರ್ ಸೊಪ್ಪು. ಚರ್ಚಿನಲ್ಲಿ ಪಾದ್ರಿಯ ಪ್ರವಚನ ಮುಗಿದರೂ ಅವನ ತೀರ್ಪು ಒಂದೇ: "ಬರೀ ಹುಲ್ಲು, ಬೆಣ್ಣೆನೇ ಇಲ್ಲ." ಚಳಿಗಾಲಕ್ಕೆ ಮುಂಚೆ ಊರವರು ಸಮಾಧಿಗಳಿಗೆ ಸ್ಪ್ರೂಸ್ ಮರದ ಹಸಿರು ಕೊಂಬೆ ಹೊದಿಸುತ್ತಾರೆ. ಟ್ರೋಲ್ಸ್ ಮಾತ್ರ ಹೆಂಡತಿ ಗುಡ್ರುನಳ ಸಮಾಧಿಯ ಮೇಲೆ ಕೊಂಬೆ ಹೊದಿಸುವ ಮೊದಲು ಕ್ಲೋವರ್ ಬಿತ್ತಿದ. ಸ್ಮಶಾನದ ಮೇಲ್ವಿಚಾರಕ ಗೊಣಗಿದಾಗ ಟೋಪಿ ತೆಗೆದು ಮೆಲ್ಲಗೆ ಅಂದ: "ಬದುಕಿರೋವರೆಗೂ ನನ್ನ ಬ್ರೆಡ್ಡಿಗೆ ಬೆಣ್ಣೆ ಸವರಿದೋಳು. ಈಗ ಬರೀ ಕೊಂಬೆ ಹಾಕಿ ಉಪವಾಸ ಕೆಡವ್ಲಾ?"